ನೀಲಿ ಕಬ್ಬಿಣದ ಸೌಟು

ಗುಂಡ್ಲುಪೇಟೆ
ಮಂಗಳವಾರ, 11 ನವೆಂಬರ್ 2025

ನನ್ನ ಭವ್ಯಾ,

ಈ ಅಕ್ಕ ಕಾಗದ ಬರೆದಿದ್ದಾಳಲ್ಲ ಎಂದು ನಗಬೇಡ. ನಾನು ಕೊನೆಯ ಸಲ ಕೈಯಲ್ಲಿ ಬರೆದದ್ದು ಒಂಬತ್ತನೇ ಕ್ಲಾಸಿನ ರಜೆ ಅರ್ಜಿ. ಅದರಲ್ಲೂ ಸುಳ್ಳೇ ಇತ್ತು. ಮೂರು ದಿನದಿಂದ ಫೋನಿನಲ್ಲಿ ನಿನ್ನ ಹೆಸರಿನ ಮೇಲೆ ಬೆರಳಿಟ್ಟು ತೆಗೆಯುತ್ತಿದ್ದೇನೆ. ನೀನು 'ಏನಕ್ಕಾ' ಎಂದ ಕೂಡಲೇ ನನ್ನ ಬಾಯಿ ಸೊಪ್ಪು ಸಾರಿನ ಕಡೆಗೆ ತಿರುಗಿಬಿಡುತ್ತದೆ. ವಾಟ್ಸಾಪಿನಲ್ಲಿ ಬರೆದರೆ ನೀನು ಓದುವ ಮೊದಲೇ ಅಳಿಸಿಬಿಡುವ ಬುದ್ಧಿ ನನ್ನದು. ಕಾಗದವನ್ನು ಒಮ್ಮೆ ಕೈಬಿಟ್ಟರೆ ಕಿತ್ತುಕೊಳ್ಳಲು ಆಗುವುದಿಲ್ಲ. ಅದಕ್ಕೇ ನಮ್ಮ ಜೆರಾಕ್ಸ್ ಅಂಗಡಿಯ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಲಕ್ಷ್ಮಿದೇವಿ ಅತ್ತೆ ಶುಕ್ರವಾರ ನಿಮ್ಮ ಉಡಿಗಾಲಕ್ಕೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.

ಭಾನುವಾರ ನಂಜನಗೂಡಿನ ಕಡೆಯ ಹುಡುಗನ ಮನೆಯವರು ನಿನ್ನನ್ನು ನೋಡಲು ಬರುತ್ತಾರೆಂದು ನಿಮ್ಮಮ್ಮ, ನನ್ನ ಚಿಕ್ಕಮ್ಮ, ಹೇಳಿದರು. ಅವರು ಬರುವ ಮೊದಲು ನೀನು ಒಂದು ವಿಷಯ ತಿಳಿಯಬೇಕು. ಪುಟ್ಟಮಾದು ಕಳ್ಳನಲ್ಲ. ಫೋನಿನ ಆಟದಲ್ಲಿ ನಿನ್ನ ರೆಕ್ಕೆಗೆಂದು ಕೂಡಿಟ್ಟ ಆ ಆರುನೂರು ಉಂಡೆ ನೀಲಿ ಕಬ್ಬಿಣವನ್ನು ಹಾಳು ಮಾಡಿದವಳು ನಾನು.

ಬರೆದುಬಿಟ್ಟೆ ಕಣಮ್ಮಿ. ಇನ್ನು ನಡೆದದ್ದನ್ನು ಒಂದು ಕಡೆಯಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡ. ನಡುವೆ ಎಲ್ಲಾದರೂ ಹಾರಿಸಿದರೆ ಅಲ್ಲೇ ನುಸುಳಿಕೊಂಡು ತಪ್ಪಿಸಿಕೊಳ್ಳುವವಳು ನಾನು.

ಆ ಆಟ ಎಂಥ ದರಿದ್ರದ ಆಟವೆಂದು ನಿನಗೂ ಗೊತ್ತು. ಯುದ್ಧ ಮಾಡುತ್ತೇವೆ, ರಾಕ್ಷಸರನ್ನು ಹೊಡೆಯುತ್ತೇವೆ ಎಂದುಕೊಂಡು ಸೇರಿದೆವು. ಮಾಡಿದ್ದು ಕಲ್ಲು ಕುಟ್ಟುವ ಕೂಲಿ. ಬಂಡೆಯ ಮುಂದೆ ನಿಲ್ಲು, ಬೆರಳು ಒತ್ತಿ ಹಿಡಿ, ನಾಲ್ಕು ಸೆಕೆಂಡು ಕಾಯಿ, ಟಣ್ ಎಂದರೆ ಒಂದು ಉಂಡೆ. ಹತ್ತು ಸಲ ಕುಟ್ಟಿದರೆ ಏಳು ಸಲ ಬರೀ ಜಲ್ಲಿ. ಮೂವತ್ತು ಉಂಡೆಗೆ ಚೀಲ ತುಂಬಿತು, ನಡೆದುಕೊಂಡು ಹೋಗಿ ಪೆಟ್ಟಿಗೆಗೆ ಸುರಿದು ಬಾ. ವಾಪಸ್ಸು ಬರುವಷ್ಟರಲ್ಲಿ ಯಾವನೋ ಗುರುತಿಲ್ಲದವನು ನಮ್ಮ ಬಂಡೆಗೆ ಗುದ್ದಲಿ ಹಾಕಿರುತ್ತಿದ್ದ. ಆಟದಲ್ಲಿ ನನ್ನ ಪಾಲಿಗೆ ಬಂದ ಕಮ್ಮಾರಿಕೆಯಂತೂ ಇನ್ನೂ ಚೆಂದ. ಒಂದು ಅಂಕ ಏರಬೇಕಾದರೆ ನೂರು ಸೌಟು ಮಾಡಬೇಕು. ಯಾರಿಗೆ ಬೇಕು ಅಷ್ಟು ಸೌಟು? ಎರಡು ಸಲ ಫೋನನ್ನು ಟೋನರ್ ಡಬ್ಬದ ಮೇಲೆ ಎಸೆದಿದ್ದೇನೆ. ಸ್ಕ್ರೀನಿನ ಮೂಲೆ ಒಡೆದಿರುವುದು ಅದರಿಂದಲೇ, ಬಸ್ಸಿನಲ್ಲಿ ಬಿದ್ದು ಅಲ್ಲ.

ನಾವಿಬ್ಬರೂ ಬೇಸತ್ತು ಬಿಟ್ಟುಬಿಡುವ ಹೊತ್ತಿಗೆ ಪುಟ್ಟಮಾದು ಸೇರಿಕೊಂಡ. ಅಮ್ಮನ ಕಡೆಯಿಂದ ದೂರದ ಸಂಬಂಧ, ಮದ್ದೂರು ಅರಣ್ಯ ರೇಂಜಿನಲ್ಲಿ ವಾಚರ್ ಎಂದು ನಿನಗೆ ಪರಿಚಯ ಮಾಡಿಸಿದ್ದೂ ನಾನೇ. ಅವನ ಕ್ವಾರ್ಟರ್ಸಿನಲ್ಲಿ ನೆಟ್‌ವರ್ಕ್ ಇಲ್ಲ. ಡ್ಯೂಟಿ ಮುಗಿಸಿ, ರಸ್ತೆ ಬದಿಯ ಬಸ್ ಶೆಲ್ಟರಿನ ಕಟ್ಟೆಯ ಮೇಲೆ ಕೋತಿಗಳ ಜೊತೆ ಕೂತು ಆಡುತ್ತಿದ್ದ. 'ಡ್ಯೂಟಿಲಿ ಮರ ಕಾಯದು, ಫೋನಲ್ಲಿ ಮರ ಕಡಿಯದು, ಇಷ್ಟೇ ಆಯ್ತು ಕಣಕ್ಕ ನನ್ ಬಾಳು' ಎಂದು ಅವನು ಹೇಳಿದಾಗ ನೀನು ಎಷ್ಟು ನಕ್ಕಿದ್ದೆ! ಆ ನಗುವಿನಲ್ಲೇ ನನಗೆ ಗೊತ್ತಾಗಿತ್ತು.

ಮುಯ್ಯಾಳಿನ ಮಾತು ತೆಗೆದವನೂ ಅವನೇ. 'ನಮ್ಮ ಅವ್ವಂದಿರು ಈರುಳ್ಳಿ ಕಳೆ ಕೀಳಕ್ಕೆ ಮುಯ್ಯಾಳು ಓಗ್ತಿರ್ನಿಲ್ವಾ? ಇವತ್ತು ನಿಮ್ಮೊಲಕ್ಕೆ ನಾವು, ನಾಳೆ ನಮ್ಮೊಲಕ್ಕೆ ನೀವು. ಅಂಗೇ ಮಾಡನ. ಮೂರೂ ಜನ ಸೇರಿ ಒಬ್ಬೊಬ್ರುದೇ ಮುಗ್ಸನ' ಎಂದ. ಮೊದಲು ನನ್ನ ಬಿಲ್ಲು, ಆಮೇಲೆ ನಿನ್ನ ರೆಕ್ಕೆ, ಕೊನೆಗೆ ಅವನ ದೋಣಿ. ದೋಣಿ ಯಾಕೋ ಎಂದು ನಾನು ರೇಗಿಸಿದರೆ, 'ಸಮುದ್ರನೇ ನೋಡಿಲ್ಲ ಕಣಕ್ಕ, ಆಟದಲ್ಲಾರ ನೋಡ್ಬುಡ್ತಿನಿ' ಎಂದ. ನನ್ನ ಬಿಲ್ಲು ಹದಿನೈದೇ ದಿನದಲ್ಲಿ ಮುಗಿಯಿತು. ನಿನ್ನ ರೆಕ್ಕೆಗೆ ಆರುನೂರು ಉಂಡೆ ಬೇಕಿತ್ತು. ಜೂನ್, ಜುಲೈ ಪೂರ್ತಿ ಕುಟ್ಟಿದೆವು. ಕುಟ್ಟಿದೆವು ಎನ್ನುವುದೂ ಸುಳ್ಳು. ಅರ್ಧಕ್ಕಿಂತ ಹೆಚ್ಚು ಕುಟ್ಟಿದವನು ಅವನು. ನೀನು ನರ್ಸಿಂಗ್ ಹೋಮಿನಲ್ಲಿ ಇಡೀ ದಿನ ನಿಂತು ಕಾಲು ಊದಿಸಿಕೊಂಡು ಚಾಮರಾಜನಗರದಿಂದ ಬಸ್ಸು ಹತ್ತುತ್ತೀಯಲ್ಲ, ಆಟದಲ್ಲಾದರೂ ಹಾರಾಡಲಿ ಎಂದು ನನಗೆ ಎಷ್ಟು ಸಲ ಹೇಳಿದ್ದನೋ. ಇದನ್ನು ನಿನಗೆ ತಲುಪಿಸಬೇಕಿತ್ತು, ತಲುಪಿಸಲಿಲ್ಲ.

ಜುಲೈ ಕೊನೆಯಲ್ಲಿ ಪುಟ್ಟಮಾದುವಿನ ಮನೆಯವರು ನಿನ್ನನ್ನು ಕೇಳಲು ನಿಮ್ಮಲ್ಲಿಗೆ ಬಂದು ಹೋದರು. ದೀಪಾವಳಿ ಕಳೆದ ಮೇಲೆ ಮದುವೆ ಒಪ್ಪಂದ ಎಂದು ಮಾತಾಯಿತು. ಹದಿನೈದು ದಿನ ನಿನ್ನ ಮುಖ ನೋಡಬೇಕಿತ್ತು.

ಆಗಸ್ಟಿನ ಎರಡನೇ ಗುರುವಾರ. ಮಧ್ಯಾಹ್ನ ಒಬ್ಬರ ಆಧಾರ್ ಕಾರ್ಡು ಇಪ್ಪತ್ತು ಪ್ರತಿ ತೆಗೆಯಲು ಹೋಗಿ ಇನ್ನೂರು ಒತ್ತಿಬಿಟ್ಟೆ. ಅಂಗಡಿಯ ನಾಗಯ್ಯನವರು ಗಿರಾಕಿಗಳ ಮುಂದೆಯೇ 'ಮದ್ವೆ ವಯಸ್ಸು ದಾಟೋದ್ರೂ ಗ್ಯಾನ ಬರ್ನಿಲ್ಲ ನಿಂಗೆ' ಎಂದರು. ಇನ್ನೂರು ಹಾಳೆಗೆ ಬೈದಿದ್ದರೆ ಸುಮ್ಮನಿರುತ್ತಿದ್ದೆ. ಈ ಮಾತು ಎದೆಯಲ್ಲಿ ಸಿಕ್ಕಿಕೊಂಡಿತು. ಅವರು ಊಟಕ್ಕೆ ಹೋದ ಮೇಲೆ ಫೋನು ತೆಗೆದೆ. ಪೆಟ್ಟಿಗೆ ತುಂಬಿತ್ತು, ಆರುನೂರ ಮೂರು ಉಂಡೆ. ರೆಕ್ಕೆಗೆ ಹನ್ನೆರಡು ಗರಿ, ಒಂದು ಗರಿಗೆ ಐವತ್ತು ಉಂಡೆ. ನನ್ನ ಕಮ್ಮಾರಿಕೆ ತೊಂಬತ್ತಕ್ಕೆ ಏರುವವರೆಗೆ ಮುಟ್ಟಬಾರದೆಂದು ಮೂವರೂ ಮಾತಾಡಿಕೊಂಡಿದ್ದೆವು. ಆಗಿದ್ದದ್ದು ಎಪ್ಪತ್ತನಾಲ್ಕು. ಇನ್ನೂ ಸಾವಿರದ ಆರುನೂರು ಸೌಟು ಯಾವಳು ಮಾಡುತ್ತಾಳೆ ಎಂದು ಸಿಟ್ಟು ಬಂತು. ಹತ್ತಕ್ಕೆ ಎರಡು ಸಲ ಆಗಬಹುದು ಎಂದು ಆಟ ತೋರಿಸುತ್ತಿತ್ತು. ಒಂದೇ ಒಂದು ಗರಿ ನೋಡೋಣ, ಭವ್ಯಳಿಗೆ ಸಂಜೆ ತೋರಿಸೋಣ ಎಂದು ಒತ್ತಿದೆ. ಹೊಗೆ ಬಂತು, 'ವಿಫಲ' ಎಂದು ಬಂತು. ಐವತ್ತು ಹೋಯಿತು. ಅದನ್ನು ಸರಿ ಮಾಡಲು ಇನ್ನೊಂದು ಒತ್ತಿದೆ. ಅದನ್ನು ಸರಿ ಮಾಡಲು ಮತ್ತೊಂದು. ಅಯ್ಯೋ, ನಿಲ್ಲಿಸಬಹುದಿತ್ತು ಕಣೇ! ಆರಕ್ಕೆ ನಿಲ್ಲಿಸಿದ್ದರೂ ಅರ್ಧ ಉಳಿಯುತ್ತಿತ್ತು. ಇಷ್ಟು ಸಲ ಆಗಲಿಲ್ಲ ಎಂದ ಮೇಲೆ ಮುಂದಿನದು ಆಗಲೇಬೇಕು ಎಂದುಕೊಂಡು ಹನ್ನೆರಡೂ ಒತ್ತಿದೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಮೂರು ಉಂಡೆ ಉಳಿಯಿತು. ಅದರಲ್ಲಿ ಹಾಳಾಗಿ ಹೋಗಲಿ ಎಂದು ಒಂದು ಸೌಟು ಮಾಡಿದೆ. ಅದು ಮಾತ್ರ ಮೊದಲ ಏಟಿಗೇ 'ಯಶಸ್ವಿ'. ಆ ಸೌಟನ್ನು ನೋಡಲಾಗದೆ ಆಟದ ಸಂತೆಗೆ ಎಸೆದು ಫೋನು ಮುಚ್ಚಿದೆ.

ಸಂಜೆ ನೀನು ಪೆಟ್ಟಿಗೆ ತೆಗೆದು ಗ್ರೂಪಿನಲ್ಲಿ ಕೂಗಾಡಿದೆ. ಕೀಲಿ ಇದ್ದದ್ದು ಮೂವರ ಹತ್ತಿರ ಮಾತ್ರ. 'ನಾನಲ್ಲ, ಅಂಗಡಿಯಲ್ಲಿ ರಶ್ ಇತ್ತು' ಎಂದು ಬರೆದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ನಿನಗೆ ಬೇರೆಯಾಗಿ ಫೋನ್ ಮಾಡಿ, 'ಮಧ್ಯಾಹ್ನ ಪುಟ್ಟಮಾದು ಆನ್‌ಲೈನ್ ಇದ್ದಂಗಿತ್ತು ಕಣಮ್ಮಿ' ಎಂದೆ. ಅವನು ಇದ್ದದ್ದು ನಿಜ. ನಿನಗಾಗಿ ಕಲ್ಲು ಕುಟ್ಟುತ್ತಿದ್ದ. ನಿಜವನ್ನೇ ಹೇಳಿ ಒಬ್ಬನನ್ನು ಕಳ್ಳನನ್ನಾಗಿ ಮಾಡಬಹುದೆಂದು ನಾನು ಅವತ್ತು ಕಲಿತೆ. ಉಳಿದದ್ದನ್ನು ನೀನೇ ಜೋಡಿಸಿಕೊಂಡೆ. ಕಬ್ಬಿಣ ಸಂತೆಯಲ್ಲಿ ಮಾರಿ ದೋಣಿಗೆ ದಾರಿ ಮಾಡಿಕೊಂಡಿದ್ದಾನೆ ಎಂದು ನೀನೇ ಅಂದೆ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ನೀನು ಅವನನ್ನು ಕೇಳಿದಾಗ ಅವನು 'ಓಗ್ಲಿ ಬುಡಿ' ಎಂದಷ್ಟೇ ಬರೆದು ತಂಡ ಬಿಟ್ಟು ಹೋದ. ತಪ್ಪು ಮಾಡದವನು ಜಗಳವಾಡುತ್ತಿದ್ದ, ಸುಮ್ಮನೆ ಹೋದನೆಂದರೆ ಕಳ್ಳನೇ ಎಂದು ನೀನು ತೀರ್ಮಾನಿಸಿದೆ. ಮಾರನೆಯ ದಿನ ಚಿಕ್ಕಮ್ಮನಿಗೆ ಸಂಬಂಧ ಬೇಡವೆಂದೆ. 'ಒಂದು ಆಟಕ್ಕೆ ಯಾರಾದರೂ ಸಂಬಂಧ ಬುಡ್ತಾರಾ' ಎಂದು ಅವರು ಕೇಳಿದ್ದಕ್ಕೆ, 'ಮುಯ್ಯಾಳಲ್ಲಿ ಮೋಸ ಮಾಡ್ದೋನ್ನ ನೀನು ಒಲಕ್ಕೆ ಕರೀತಿದ್ದ್ಯಾ? ನಾನು ಅವನ ಮನೆಗೆ ಓಗ್ಲಾ?' ಎಂದೆಯಂತೆ. ನೀನು ಹೇಳಿದ್ದು ನ್ಯಾಯವೇ. ನಮ್ಮೂರಿನಲ್ಲಿ ಯಾರ ಮನೆ ಜಗಳವನ್ನಾದರೂ ಮರೆಯುತ್ತಾರೆ, ಮುಯ್ಯಾಳು ತಿಂದು ತೀರಿಸದವರನ್ನು ಮರೆಯುವುದಿಲ್ಲ. ತಿಂದವಳು ನಿನ್ನ ಪಕ್ಕದಲ್ಲೇ ಕೂತು ನಿನ್ನ ಕಣ್ಣೀರು ಒರೆಸುತ್ತಿದ್ದಳು.

ಹೆದರಿಕೆಗೆ ಸುಮ್ಮನಿದ್ದೆ ಎಂದು ಇಲ್ಲಿಗೆ ನಿಲ್ಲಿಸಿದರೆ ನೀನು ನಂಬುತ್ತೀಯ. ಅದಷ್ಟೇ ಆಗಿದ್ದರೆ ಒಂದು ವಾರದಲ್ಲಿ ಹೇಳಿಬಿಡುತ್ತಿದ್ದೆನೇನೋ. ನನಗೆ ಮೂವತ್ತೊಂದು. ನನ್ನನ್ನು ನೋಡಲು ಬಂದು ಹೋದವರನ್ನು ಎಣಿಸುವುದನ್ನು ಅಮ್ಮ ಬಿಟ್ಟಿದ್ದಾಳೆ. ನೀವಿಬ್ಬರೂ ಗ್ರೂಪಿನಲ್ಲಿ ನಗುತ್ತಿದ್ದಾಗ ನಾನು ಪಕ್ಕದಲ್ಲಿ ಸೌಟು ಮಾಡುತ್ತಾ ಕೂತಿರುತ್ತಿದ್ದೆ. ಸಂಬಂಧ ಮುರಿಯಿತು ಎಂದು ನೀನು ಅತ್ತಾಗ ನನಗೆ ಸಂಕಟವಾಯಿತು. ಅದರ ಅಡಿಯಲ್ಲಿ ಒಂದು ಚೂರು ಸಮಾಧಾನವೂ ಆಯಿತು. ಥೂ, ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತಿದೆ. ಬೆನ್ನ ಮೇಲೆ ಹೊತ್ತು ಸ್ಕೂಲಿಗೆ ಕರೆದುಕೊಂಡು ಹೋದ ತಂಗಿ ನೀನು. ನಿನಗೆ ಹೀಗೆ ಮಾಡಿದೆ.

ಪುಟ್ಟಮಾದುವಿನ ಮುಖ ನೋಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಕಳೆದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಖಾಕಿ ಹಾಕಿಕೊಂಡು ನಿಂತಿದ್ದ, ನಾನು ಬೇಕರಿಯೊಳಕ್ಕೆ ನುಗ್ಗಿ ಬೇಡದ ಬನ್ನು ಕೊಂಡೆ. ಹಾಳು ಮಾಡಿದ್ದನ್ನು ತುಂಬಿಸಿ ಇಟ್ಟುಬಿಡೋಣವೆಂದು ಗುಟ್ಟಾಗಿ ಮತ್ತೆ ಕಲ್ಲು ಕುಟ್ಟಲು ಶುರು ಮಾಡಿದ್ದೆ. ಮೂರು ತಿಂಗಳಲ್ಲಿ ನನ್ನಿಂದ ಆದದ್ದು ನಲವತ್ತೊಂದು ಉಂಡೆ. ತಪ್ಪು ತಿದ್ದುವುದರಲ್ಲೂ ನಾನು ಸೋಮಾರಿಯೇ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಬೈಯಬೇಕೆನಿಸಿದರೆ ಎಲ್ಲರ ಮುಂದೆ ಬೈ. ಇದನ್ನು ಚಿಕ್ಕಮ್ಮನಿಗೆ ಓದಿ ಹೇಳು, ಅವನ ಮನೆಯವರಿಗೆ ಏನು ಹೇಳಿದ್ದಿರೋ ಅದನ್ನು ವಾಪಸ್ಸು ತೆಗೆದುಕೊಳ್ಳಿ. ಭಾನುವಾರ ಬರುವ ಹುಡುಗ ಒಳ್ಳೆಯವನಿರಬಹುದು. ಆದರೆ ಇನ್ನೊಬ್ಬ ಕಳ್ಳ ಎಂದುಕೊಂಡು ನೀನು ಈ ಹುಡುಗನಿಗೆ ಹೂಂ ಎನ್ನಬಾರದು. ಅಷ್ಟಕ್ಕೇ ಈ ಕಾಗದ.

ಇನ್ನೂ ಅಕ್ಕ ಎಂದು ಕರೆಯುತ್ತೀಯೋ ಇಲ್ಲವೋ ತಿಳಿಯದೆ,
ರಂಜಿನಿ

ಗುರುವಾರ ಬರೆದದ್ದು:

ನಿನಗೆ ಹೇಳಿ ಅವನಿಗೆ ಹೇಳದಿದ್ದರೆ ಅರ್ಧವೇ ಆಯಿತು ಎನಿಸಿ, ಇವತ್ತು ರಜೆ ಹಾಕಿ ಮದ್ದೂರಿಗೆ ಹೋಗಿದ್ದೆ. ಅದೇ ಬಸ್ ಶೆಲ್ಟರಿನಲ್ಲಿ ಕೂತಿದ್ದ. ಎಲ್ಲ ಹೇಳಿ, ಕಾಲು ಮುಟ್ಟಲು ಬಗ್ಗಿದೆ. 'ಏಯ್, ದೊಡ್ಡವ್ರು ನೀವು, ಸುಮ್ಕಿರಿ' ಎಂದು ಹಿಂದಕ್ಕೆ ಸರಿದ. ಆಮೇಲೆ ಫೋನಿನಲ್ಲಿ ತನ್ನ ಸ್ವಂತ ಪೆಟ್ಟಿಗೆ ತೆಗೆದು ತೋರಿಸಿದ. ಅದರಲ್ಲಿ ಒಂದು ನೀಲಿ ಕಬ್ಬಿಣದ ಸೌಟು ಇತ್ತು. ಆ ಆಟದಲ್ಲಿ ಯಾರು ಏನು ಮಾಡಿದರೂ ಅದರ ಮೇಲೆ ಮಾಡಿದವರ ಹೆಸರು, ತಾರೀಖು ಬೀಳುತ್ತದೆ. ಸಿಟ್ಟಿನಲ್ಲಿ ನನಗೆ ಅದು ಮರೆತೇಹೋಗಿತ್ತು. ನನ್ನ ಹೆಸರು, ಆ ಗುರುವಾರದ ತಾರೀಖು. ನೀನು ಪೆಟ್ಟಿಗೆ ತೆಗೆಯುವ ಮೊದಲೇ ಸಂತೆಯಲ್ಲಿ ಕಂಡು, ಅಕ್ಕನ ಸೌಟು ಎಂದು ತಮಾಷೆಗೆ ಕೊಂಡಿದ್ದನಂತೆ. ನೀನು ಕಳ್ಳ ಎಂದ ಹೊತ್ತಿನಲ್ಲಿ ಅದು ಅವನ ಕೈಯಲ್ಲೇ ಇತ್ತು.

'ಯಾಕೋ ತೋರಿಸಲಿಲ್ಲ?' ಎಂದು ಕೇಳುತ್ತಾ ಅತ್ತುಬಿಟ್ಟೆ. 'ತೋರ್ಸಿದ್ರೆ ಅಕ್ಕ ತಂಗಿಗೆ ಮಾತು ಬಿಟ್ಟೋಗದು. ನಾನು ಒರಗಿನವ್ನು, ಓಯ್ತಿನಿ ಅಂದ್ಕಂಡೆ' ಎಂದ.

ಇನ್ನೊಂದನ್ನು ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿದ್ದಾನೆ. ಅದನ್ನು ಮುರಿಯುತ್ತಿದ್ದೇನೆ. ಆ ಪೆಟ್ಟಿಗೆಯಲ್ಲಿ ಸೌಟಿನ ಕೆಳಗೆ, ಈ ಮೂರು ತಿಂಗಳಲ್ಲಿ ಒಬ್ಬನೇ ಕುಟ್ಟಿದ ಐನೂರ ಹನ್ನೆರಡು ಉಂಡೆ ಇತ್ತು. 'ಕೊನೆಗೂ ನಿನ್ನ ದೋಣಿಗೇನೋ?' ಎಂದು ಅವನನ್ನು ಕೇಳಿದೆ.

'ದೋಣಿ ಆಮೇಕೆ ಕಣಕ್ಕ' ಎಂದ. 'ಅವ್ರ ಸರದಿ ಇನ್ನೂ ಮುಗ್ದಿಲ್ವಲ್ಲ.'