ದೀಪ ಹಚ್ಚಿದ ಮೇಲೆ

ಚಿಗವ್ವ ಫಕೀರಮ್ಮನಿಗೆ,

ದೀಪ ಹಚ್ಚಿದ ಮೇಲೆ ನೆರೆಮನೆಗೆ ಕೆಂಡ ಕೊಡದ ಸೊಸೆಯ ಕಥೆಯನ್ನು ಮೊದಲು ಹೇಳಿದ್ದು ನೀನೇ, ನಮ್ಮ ಮನೆಗೆ ಸೋಲಾರ್, ಬ್ಯಾಟರಿ ಕೂರಿಸಿದ ವರ್ಷ. ನಿನ್ನೆ ಸಂಜೆ ಕರೆಂಟ್ ಹೋದಾಗ ಓಣಿಯವರು ನಮ್ಮ ಬೆಳಕಿಗೆ ಬಂದು ಕೂತರು. ಅವರಿಗೆ ಆ ಕಥೆಯನ್ನೇ ಹೇಳಿದೆ.

“ಮಾಮಾ, ಬ್ಯಾಟರಿ ಕರೆಂಟ್ ಕೊಟ್ರೂ ಲಕ್ಷ್ಮಿ ಹೊಂಟ ಹೋಗ್ತಾಳೇನು?” ಎಂದು ಓಣಿಯ ಹುಡುಗಿ ಅಮೃತಾ ನಕ್ಕಳು.

ನನಗೆ ಕಥೆ ಮುಂದುವರಿಸಲಾಗಲಿಲ್ಲ. ಉಬ್ಬಸದ ಯಂತ್ರದ ವೈರ್ ಹಿಡಿದು ನೀನು ಬಾಗಿಲಿಗೆ ಬಂದ ಸಂಜೆ, “ದೀಪ ಹಚ್ಚೀವಿ ಚಿಗವ್ವ, ಈಗ ಏನೂ ಹೊರಗ ಕೊಡಂಗಿಲ್ಲ” ಎಂದಿದ್ದೆನಲ್ಲ, ಅದನ್ನೂ ಹೇಳಿಬಿಟ್ಟೆ. ಆ ಸಲ ಕರೆಂಟ್ ಬೆಳಗ್ಗೆ ಬಂತು. ಅಷ್ಟೊತ್ತಿಗೆ ನಿನಗದು ಬೇಕಾಗಿರಲಿಲ್ಲ.

ಎಲ್ಲರೂ ಎದ್ದು ಹೋದರು. ಇಂದು ಮುಂಜಾನೆ ಅವರೇ ವೈರ್ ತಂದು, ನಮ್ಮ ಬ್ಯಾಟರಿಯಿಂದ ಎಳೆದು, ಹೊರಗಿನ ಕಟ್ಟೆಯ ಮೇಲೆ ಪ್ಲಗ್ ಕೂರಿಸಿದರು. ನನ್ನನ್ನು ಯಾರೂ ಕೇಳಲಿಲ್ಲ.