ಭಾಗ್ಯಶ್ರೀ ಗಾಳಿ

ಹತ್ತಿಕಟ್ಟೆ ಓಣಿ, ಕಲಬುರಗಿ
೩೦ ಫೆಬ್ರವರಿ ೨೧೬೧

ನನ್ನ ಅಜ್ಜಿಯ ಅಜ್ಜಿಯಾದ ಭಾಗ್ಯಶ್ರೀಗೆ ಸುಗಲಾಬಾಯಿ ಮಾಡುವ ನಮಸ್ಕಾರ.

ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡ, ಬರೆದದ್ದು ಸರಿಯಾಗಿಯೇ ಇದೆ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಬೇಸಿಗೆ ತೀರಾ ಉದ್ದವಾಯಿತೆಂದು ಜನ ಗೋಳಾಡಿದಾಗ ದೊಡ್ಡ ದೊಡ್ಡವರೆಲ್ಲ ಕೂತು ಯೋಚಿಸಿ, ಮಾರ್ಚ್ ಮತ್ತು ಮೇ ತಿಂಗಳಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ಬೇಸಿಗೆ ಮಾತ್ರ ಒಂದು ದಿನವೂ ಕಡಿಮೆಯಾಗಲಿಲ್ಲ. ನಿನ್ನನ್ನು ಏಕವಚನದಲ್ಲಿ ಕರೆಯುತ್ತಿರುವುದಕ್ಕೂ ಕ್ಷಮೆ ಇರಲಿ. ನೀನು ನನಗಿಂತ ನಾಲ್ಕು ತಲೆ ಹಿರಿಯಳು, ನಿಜ. ಆದರೆ ಈ ಕಾಗದ ನಿನ್ನ ಕೈಸೇರುವಾಗ ನಿನಗೆ ಮೂವತ್ತರ ಆಸುಪಾಸು, ನನಗೋ ಅರವತ್ತು ದಾಟಿದೆ. ಹಿರಿಯಳೆಂದು ಕಾಲಿಗೆ ಬೀಳಲೋ, ಕಿರಿಯಳೆಂದು ಕಿವಿ ಹಿಂಡಲೋ ತಿಳಿಯದು. ಎರಡನ್ನೂ ಮಾಡುತ್ತೇನೆ.

ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರ ಅನ್ನಿಸಬಹುದು. ಈ ಕಾಗದ ಬರುತ್ತಿರುವುದು ಹಿನ್ನಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಇದರ ಅವಕಾಶ, ಅದೂ ಮನೆವಾರ್ತೆ ಬರೆಯಲಿಕ್ಕೆ ಮಾತ್ರ. ಎಲ್ಲಿ ಸೈಟಿನ ಬೆಲೆ ಏರುತ್ತದೆ, ಯಾರು ಗೆಲ್ಲುತ್ತಾರೆ ಎಂದೆಲ್ಲ ಬರೆದರೆ ಕೌಂಟರಿನಲ್ಲೇ ಹರಿದು ಹಾಕುತ್ತಾರೆ. ಮನೆಯ ತಂಪಿನ ವಿಷಯ ಬರೆಯಬಹುದೇ ಎಂದು ಕೇಳಿದೆ. ಅದು ಮನೆವಾರ್ತೆಯೇ ಬಿಡ್ರಿ ಎಂದರು.

ನೀನೀಗ ಈ ಎರಡು ಕೋಣೆಯ ಮನೆಗೆ ಏಸಿ ಹಾಕಿಸಲು ಹೊರಟಿದ್ದೀಯೆ. ಯಾವುದು ಅಗ್ಗ, ಯಾವುದಕ್ಕೆ ಕರೆಂಟು ಕಡಿಮೆ, ಎಷ್ಟು ಟನ್ ಸಾಕು ಎಂದು ತಲೆ ಕೆಡಿಸಿಕೊಂಡು ಅಂಗಡಿ ಅಂಗಡಿ ಅಲೆಯುತ್ತಿದ್ದೀಯೆ. ನನಗೆ ಹೇಗೆ ಗೊತ್ತು ಎನ್ನುವೆಯಾ? ನಾನು ಇರುವುದು ಅದೇ ಮನೆಯಲ್ಲಿ. ಅದೇ ಶಹಾಬಾದಿ ಕಲ್ಲಿನ ಗೋಡೆ, ಅದೇ ಫರ್ಸಿ ನೆಲ. ಪಕ್ಕದ ಮನೆಯ ಕಡೆಯ ಗೋಡೆಯಲ್ಲಿ ನೀನು ಕೊರೆಸಿದ ತೂತಿದೆ, ನಂತರದವರು ಯಾರೋ ಅದಕ್ಕೆ ಸಿಮೆಂಟು ಮೆತ್ತಿದ್ದಾರೆ. ಹೊರಗಡೆ, ಕೈ ಚಾಚಿದರೆ ಆಚೆ ಗೋಡೆ ಮುಟ್ಟುವಷ್ಟು ಕಿರಿದಾದ ಸಂದಿಯಲ್ಲಿ, ತುಕ್ಕು ಹಿಡಿದ ನಾಲ್ಕು ಕಬ್ಬಿಣದ ಮೊಂಡುಗಳಿವೆ. ನಿನ್ನ ಏಸಿಯ ಹೊರಪೆಟ್ಟಿಗೆ ಕೂತಿದ್ದ ಜಾಗ ಅದು. ಪಕ್ಕದವರ ಕಿಟಕಿಗೆ ಸರಿಯಾಗಿ ಎದುರು! ನೀನು ಒಳಗೆ ತಂಪಾಗಿ ಮಲಗಿದ್ದಾಗ ನಿನ್ನ ಬಿಸಿಯೆಲ್ಲ ಅವರ ಅಡುಗೆಮನೆಗೆ ಹೋಗುತ್ತಿತ್ತು. ಅವರು ಅದನ್ನು ಮರೆತಿಲ್ಲ, ತಾಯಿ. ಇಂದಿಗೂ ಆ ಮನೆಯಲ್ಲಿ ಮುಖಕ್ಕೆ ರಾಚುವ ಮಧ್ಯಾಹ್ನದ ಬಿಸಿಗಾಳಿಗೆ ಭಾಗ್ಯಶ್ರೀ ಗಾಳಿ ಎಂದೇ ಹೆಸರು. ಮಾತು ಕಲಿಯುವ ಕೂಸು ಕೂಡ ಬಾಗಿಲು ತೆರೆದರೆ ಭಾಗ್ಯಶ್ರೀ ಬಂತು ಎನ್ನುತ್ತದೆ.

ಅಂಥ ಮನೆಯಲ್ಲಿ ಈಗಿರುವವಳು ಜಗದೇವಿ. ಅವಳದು ಖಡಕ್ ರೊಟ್ಟಿಯ ವ್ಯಾಪಾರ. ಕೋಳಿ ಕೂಗುವ ಹೊತ್ತಿಗೇ ಜೋಳದ ರೊಟ್ಟಿ ತಟ್ಟಲು ಶುರು ಮಾಡುತ್ತಾಳೆ, ತಪ್ ತಪ್ ತಪ್ ಎಂದು ನನ್ನ ತಲೆದಿಂಬಿನ ಪಕ್ಕದಲ್ಲೇ. ಜೊತೆಗೆ ಬಾಯಿಯೂ ಜೋರು. ಒಮ್ಮೆ ನಾನು ಸಂದಿಯಿಂದಲೇ ಗದರಿದೆ, ಅವಳು ನಿನ್ನ ಹೆಸರು ಎತ್ತಿ ನನ್ನ ಇಡೀ ವಂಶವನ್ನು ಜಾಲಾಡಿದಳು. ಅಲ್ಲಿಂದ ಮುಂದೆ ನಾವಿಬ್ಬರೂ ಎದುರಾದರೆ ಆಕಾಶ ನೋಡುತ್ತ ಹೋಗುವುದೇ ಆಯಿತು.

ಹೋದ ವರ್ಷ ನನ್ನ ಮಗಳು ಮಹಾನಂದಾ ಚೊಚ್ಚಲ ಬಸುರಿ. ಬೇಸಿಗೆಯ ನಡುವೆ ಹೆರಿಗೆ. ನಮ್ಮಲ್ಲೊಂದು ಕಟ್ಟಳೆಯಿದೆ: ಬಾಣಂತಿ ಮಲಗುವ ಕೋಣೆ ಮೂವತ್ತು ಡಿಗ್ರಿಯೊಳಗೆ ಇರಬೇಕು. ಇಲ್ಲದಿದ್ದರೆ ದಾದಿ ಬಂದು ತಾಯಿಮಗುವನ್ನು ಸರ್ಕಾರದ ತಂಪುಮನೆಗೆ ಕರೆದೊಯ್ಯುತ್ತಾಳೆ, ಮಳೆ ಬೀಳುವ ತನಕ ಅಲ್ಲೇ. ತಂಪುಮನೆ ಕೆಟ್ಟದ್ದಲ್ಲ. ಆದರೆ ಸಾಲು ಸಾಲು ಮಂಚ, ವಾರಕ್ಕೊಮ್ಮೆ ಗಾಜಿನಾಚೆಯಿಂದ ಮುಖ ನೋಡುವುದು. ಮಗಳು ನನ್ನ ಸೆರಗು ಹಿಡಿದು ಅತ್ತಳು. “ಯವ್ವಾ, ನಾ ಅಲ್ಲಿ ಹೋಗಂಗಿಲ್ಲ. ನಿನ್ನ ಕೈಲೇ ಬಾಣಂತನ ಆಗಬೇಕು ನಂದು” ಎಂದಳು. ಹೀಗೆ ಕೇಳಿದ ಮೇಲೆ ಯಾವ ತಾಯಿ ಸುಮ್ಮನಿರುತ್ತಾಳೆ? ಈ ಎರಡು ಕೋಣೆಯ ಕಲ್ಲುಮನೆಯನ್ನು, ನನ್ನ ಕೈಗೆಟುಕುವ ಖರ್ಚಿನಲ್ಲಿ, ತಂಪು ಮಾಡಲೇಬೇಕೆಂದು ಹಟ ಹಿಡಿದೆ.

ಮೊದಲು ಖರ್ಚಿಲ್ಲದ ಕೆಲಸ ಮಾಡಿದೆ. ಮಾಳಿಗೆಗೆ ಸುಣ್ಣ ಬಳಿಸಿದೆ, ಪಡುವಣ ಕಿಟಕಿಗೆ ಲಾವಂಚದ ಪರದೆ ಕಟ್ಟಿ ನೀರು ಚಿಮುಕಿಸಿದೆ. ಇಷ್ಟಕ್ಕೇ ಅರ್ಧ ಸೆಕೆ ಇಳಿಯಿತು. ನೀನೂ ಅಂಗಡಿಗೆ ಹೋಗುವ ಮೊದಲು ಇದನ್ನು ಮಾಡು. ಉಳಿದರ್ಧಕ್ಕೆ ಯಂತ್ರ ಬೇಕು. ಆದರೆ ನಮ್ಮ ಕಾಲದಲ್ಲಿ ಮನೆಯ ಬಿಸಿಯನ್ನು ಓಣಿಗೆ ಬಿಡುವಂತಿಲ್ಲ. ಎಲ್ಲರೂ ತಮ್ಮ ತಮ್ಮ ಬಿಸಿಯನ್ನು ಹೊರಗೆ ಚೆಲ್ಲಿ ಚೆಲ್ಲಿ ಓಣಿಗಳೆಲ್ಲ ಕಾದ ಹಂಚಾಗಿ, ದಾರಿಯಲ್ಲಿ ಜನ ಕುಸಿದು ಬಿದ್ದ ಮೇಲೆ ಬಂದ ಕಾನೂನು ಅದು. ಹಾಗಾಗಿ ತಂಪು ಕೊಳ್ಳುವವರು ಮೊದಲು ಹೇಳಬೇಕು, ಬಿಸಿಯನ್ನು ಎಲ್ಲಿ ಇಡುತ್ತೀರಿ?

ಉಳ್ಳವರು ಅಂಗಳದಲ್ಲಿ ನೆಲಗುಂಡಿ ತೋಡಿಸುತ್ತಾರೆ. ಆಳಕ್ಕೆ ಕೊಳವೆ ಇಳಿಸಿ ಬೇಸಿಗೆಯ ಬಿಸಿಯನ್ನು ಭೂಮಿಯಲ್ಲಿ ಹುಗಿದಿಟ್ಟು ಚಳಿಗಾಲಕ್ಕೆ ತೆಗೆಯುವ ಏರ್ಪಾಡು. ಬಲು ಚೆಂದ. ಆದರೆ ನನಗೆಲ್ಲಿದೆ ಅಂಗಳ? ಇನ್ನೊಂದು ಊರತಂಪು, ನಿಮ್ಮ ನಲ್ಲಿ ನೀರಿನ ಹಾಗೆ ಕೊಳವೆಯಲ್ಲಿ ಮನೆಮನೆಗೆ ಬರುವಂಥದ್ದು. ಎಲ್ಲರೂ ತಿರುಗಿಸುವ ಮಧ್ಯಾಹ್ನದ ಹೊತ್ತಿಗೇ ಅದು ಉಸ್ಸೆಂದು ನಿಂತುಬಿಡುತ್ತದೆ. ಉಳಿದದ್ದು ಬೀಗತಂಪು, ಎಲ್ಲಕ್ಕಿಂತ ಅಗ್ಗ. ಗೋಡೆಯಲ್ಲಿ ಒಂದು ಪೆಟ್ಟಿಗೆ, ಎರಡು ಕೊಳವೆ, ಅಷ್ಟೆ. ನಿನ್ನ ಕೋಣೆಯಿಂದ ಹೀರಿದ ಬಿಸಿ ನೆರೆಮನೆಗೆ ಹೋಗುತ್ತದೆ. ಚಳಿಗಾಲದಲ್ಲಿ ಅವರ ಒಲೆಯ ಬಿಸಿ ನಿನ್ನ ಕೋಣೆಗೆ ಬರುತ್ತದೆ. ಎರಡು ಮನೆಯವರು ಸಂಬಂಧ ಮಾಡಿ ಬೀಗರಾದಂತೆಯೇ ಲೆಕ್ಕ. ಎಲೆ ಅಡಿಕೆ, ತೆಂಗಿನಕಾಯಿ, ಕುಬಸದ ಕಣದೊಂದಿಗೆ ಹೋಗಿ ಕೇಳಬೇಕು, ಅವರು ಒಪ್ಪಬೇಕು. ಆದರೆ ಉರಿಬೇಸಿಗೆಯಲ್ಲಿ ಬಿಸಿ ಬೇಕು ಎನ್ನುವ ನೆರೆಯವರು ಎಲ್ಲಿ ಸಿಗಬೇಕು? ನಮ್ಮ ಓಣಿಯಲ್ಲಿ ಅಂಥವಳು ಒಬ್ಬಳೇ. ರೊಟ್ಟಿ ಖಡಕ್ಕಾಗಿ ಒಣಗಲು ಅವಳ ಕಪಾಟಿಗೆ ವರ್ಷವಿಡೀ ಬಿಸಿಗಾಳಿ ಬೇಕು. ನನ್ನ ಗ್ರಹಚಾರ ನೋಡು.

ತಟ್ಟೆ ಹಿಡಿದು ಹೋದೆ. ಹೊಸ್ತಿಲ ಹೊರಗೆ ನಿಂತ ನನ್ನನ್ನು ಜಗದೇವಿ ಮೇಲಿಂದ ಕೆಳಗೆ ನೋಡಿದಳು. “ಈಗ ನೆನಪಾತೇನ್ರಿ ನಮ್ಮನಿ? ನಿಮ್ಮ ಮುತ್ತಜ್ಜಿ ಪುಗಸಟ್ಟೆ ಕೊಟ್ಟಾಳಲ್ಲ ಬಿಸಿ, ಅದೇ ಇನ್ನೂ ಮುಗದಿಲ್ಲ” ಎಂದಳು. ಮಗಳ ಮುಖ ಕಣ್ಣಮುಂದೆ ಇರದಿದ್ದರೆ ಕಾಯಿ ಅಲ್ಲೇ ಕುಕ್ಕಿ ಬರುತ್ತಿದ್ದೆ. ಕೊನೆಗೆ ಅವಳೇ ತಟ್ಟೆಯಲ್ಲಿದ್ದ ಕುಬಸದ ಬಟ್ಟೆ ಎತ್ತಿ ನೋಡಿ, ಬಣ್ಣ ಅಷ್ಟಕ್ಕಷ್ಟೇ ಎಂದು ಮೂಗು ಮುರಿದು, “ಬಸುರಿ ಹುಡುಗಿ ಸಲುವಾಗಿ ಹೂಂ ಅಂತೀನಿ. ಮುಂಜಾನೆ ನನ್ನ ತಟ್ಟೋ ಸಪ್ಪಳಕ್ಕ ಮಾತ್ರ ಬಾಯಿ ಮಾಡಬಾರ್ದು ನೀವು” ಎಂದಳು. ಹೂಂ ಎಂದೆ. ಮಿಸ್ತ್ರಿ ಬಂದು ಗೋಡೆ ತಟ್ಟಿ ನೋಡಿದ, ಈ ಕಲ್ಲನ್ನು ಹೊಸದಾಗಿ ಕೊರೆದರೆ ಸೀಳುತ್ತದೆ ಎಂದ. ಆಮೇಲೆ ನಿನ್ನ ಹಳೇ ತೂತು ಅವನ ಕಣ್ಣಿಗೆ ಬಿತ್ತು. ಸಿಮೆಂಟು ಒಡೆದು ಕೊಳವೆಗಳನ್ನು ಅಲ್ಲಿಂದಲೇ ಹಾಯಿಸಿದ.

ಚಳಿಯ ದಿನಗಳಲ್ಲಿ ಅವಳ ಒಲೆಯ ಹಿತವಾದ ಬಿಸಿ ನಮ್ಮ ಕೋಣೆ ತುಂಬುತ್ತಿತ್ತು, ಜೊತೆಗೆ ಸುಟ್ಟ ಜೋಳದ ವಾಸನೆ. ಬೇಸಿಗೆ ಬಂದಂತೆ ಪೆಟ್ಟಿಗೆ ದಿಕ್ಕು ಬದಲಿಸಿತು. ಗಂಡುಮಗು ಹುಟ್ಟಿತು. ದಾದಿ ಬಂದು ಗೋಡೆಯ ಮಾಪಕ ನೋಡಿ, ಇಲ್ಲೇ ಇರಲಿ ಎಂದು ಬರೆದುಕೊಟ್ಟು ಹೋದಳು. ಆ ದಿನ ನಾನು ಪಟ್ಟ ಸಂತೋಷವನ್ನು ಹೇಳಲು ಬರುವುದಿಲ್ಲ.

ಮಗುವಿಗೆ ತೊಟ್ಟಿಲ ಶಾಸ್ತ್ರ ಮುಗಿದು ಕೆಲವು ದಿನಗಳಾಗಿದ್ದವು. ಮಧ್ಯಾಹ್ನ. ನಮ್ಮಲ್ಲಿ ಆ ಹೊತ್ತಿನಲ್ಲಿ ಯಾರೂ ಓಣಿಗೆ ಇಳಿಯುವುದಿಲ್ಲ, ಬಿಸಿಲುಗಟ್ಟು ಎನ್ನುತ್ತೇವೆ. ನೆಲ ಮುಟ್ಟಿದರೆ ಅಂಗಾಲು ಬೊಬ್ಬೆ ಏಳುತ್ತದೆ. ಉಂಡು, ಮಗಳ ತಲೆಗೆ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿ, ಅಜವಾನದ ಹೊಗೆ ಹಾಕಿ, ಬಾಗಿಲಿಗೆ ಅಗುಳಿ ಹಾಕಿ ಮೂವರೂ ಮಲಗಿದೆವು. ನಾವು ನಿದ್ದೆಹೋದ ಮೇಲೆ ಒಂದು ಹಲ್ಲಿ ಪೆಟ್ಟಿಗೆಯೊಳಗೆ ನುಸುಳಿ ಫ್ಯಾನಿನಲ್ಲಿ ಸಿಕ್ಕಿಕೊಂಡಿತು. ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿದೆ, ಫ್ಯಾನಿಗೆ ಬಿದ್ದರೆ ಏನೆಂದು ಇಲ್ಲ. ಫ್ಯಾನು ನಿಂತಿತು. ಪೆಟ್ಟಿಗೆಯ ಹಸಿರು ದೀಪ ಮಾತ್ರ ಎಲ್ಲ ಸರಿಯಿದೆ ಎಂಬಂತೆ ಉರಿಯುತ್ತಲೇ ಇತ್ತು.

ಸೆಕೆ ಮೆಲ್ಲಗೆ ಏರಿದರೆ ಎಚ್ಚರವಾಗುವುದಿಲ್ಲ, ಭಾಗ್ಯಶ್ರೀ. ಬದಲಿಗೆ ಇನ್ನಷ್ಟು ಗಾಢ ನಿದ್ದೆ ಬರುತ್ತದೆ. ಮೈ ಭಾರವಾಗಿ, ಏಳಬೇಕು ಎನ್ನಿಸಿಯೂ ಏಳಲಾಗದೆ ಬಿದ್ದಿದ್ದೆ. ಎಲ್ಲೋ ದೂರದಲ್ಲಿ ಯಾರೋ ಗೋಡೆ ಗುದ್ದಿದಂತೆ, ನನ್ನನ್ನೇ ಬಯ್ದಂತೆ. ಮತ್ತೆ ಜಗಳ ತೆಗೆದಳಲ್ಲ ಈಕೆ ಎಂದುಕೊಂಡದ್ದಷ್ಟೇ ನೆನಪು. ಆಮೇಲೆ ಬಾಗಿಲೇ ಮುರಿದು ಬಿತ್ತು. ಖಾರ ಅರೆಯುವ ಗುಂಡುಕಲ್ಲು ಹಿಡಿದು, ಬರಿಗಾಲಲ್ಲಿ, ಜಗದೇವಿ ಒಳಗೆ ನುಗ್ಗಿದಳು. “ಕಪಾಟಿನಾಗ ರೊಟ್ಟಿ ಮೆತ್ತಗಾಗ್ಯಾವ! ಬಿಸಿ ಅಲ್ಲಿ ಬಂದಿಲ್ಲಂದ್ರ ಇಲ್ಲೇ ಕುಂತದ ಅಂತ ಗೊತ್ತಾತು ನನಗ. ಏಳ್ರಿ, ಏಳ್ರಿ!” ಎಂದು ಕಿರುಚುತ್ತಲೇ ಕೂಸನ್ನು ಎತ್ತಿಕೊಂಡಳು. ಕೂಸಿನ ಮುಖ ಕೆಂಪಗೆ ಕಾದಿತ್ತು, ಅಳು ಇರಲಿಲ್ಲ. ಅಳದ ಕೂಸನ್ನು ನೋಡಿದ ಆ ಗಳಿಗೆ ಯಾವ ವೈರಿಗೂ ಬೇಡ.

ಬಚ್ಚಲಮನೆಯ ಫರ್ಸಿಯ ಮೇಲೆ ಕೊಡಗಟ್ಟಲೆ ನೀರು ಸುರಿದಳು. ತನ್ನ ಸೆರಗು ನೆನೆಸಿ ಕೂಸಿಗೆ ಸುತ್ತಿದಳು. ಮಗಳನ್ನು ದರದರ ಎಳೆತಂದು ತಲೆಬಟ್ಟೆ ಕಿತ್ತೆಸೆದು ಚೊಂಬು ಎತ್ತಿದಾಗ ನಾನು, ನನ್ನ ಬುದ್ಧಿಗಿಷ್ಟು, ಬಾಣಂತಿಗೆ ತಣ್ಣೀರು ತಾಗಿಸಬೇಡ ಎಂದು ಅಡ್ಡ ಕೈ ಹಿಡಿದೆ. “ಸುಮ್ನ ಕೂಡ್ರಿ! ಮೊದಲ ಜೀವ ಉಳೀಲಿ, ಆಮ್ಯಾಲ ನಿಮ್ಮ ಬಾಣಂತನ!” ಎಂದು ಮಗಳ ತಲೆಯ ಮೇಲೂ ನನ್ನ ತಲೆಯ ಮೇಲೂ ಸುರಿದೇಬಿಟ್ಟಳು. ಸ್ವಲ್ಪ ಹೊತ್ತಿಗೆ ಮಹಾನಂದಾ ಕಣ್ಣು ಬಿಟ್ಟಳು. ಕೂಸು ಮೊದಲು ಕೊಸರಾಡಿ, ಆಮೇಲೆ ಓಣಿಗೆಲ್ಲ ಕೇಳುವಂತೆ ಅತ್ತಿತು. ಜಗದೇವಿ ಗೋಡೆಗೆ ಒರಗಿ ಕೂತು ತಾನೂ ಅತ್ತಳು. ಅವಳ ಅಂಗಾಲು ಎರಡೂ ಬೊಬ್ಬೆ ಎದ್ದಿದ್ದವು. ಅವಕ್ಕೆ ಎಣ್ಣೆ ಹಚ್ಚಿದವಳು ನಾನೇ. ಮಾರಲಾಗದ ಆ ದಿನದ ಮೆತ್ತನೆ ರೊಟ್ಟಿಯನ್ನು ರಾತ್ರಿ ಪುಂಡಿಪಲ್ಯದ ಜೊತೆ ಎಲ್ಲರೂ ಕೂತು ಉಂಡೆವು.

ಇದನ್ನೇ ನಿನಗೆ ಹೇಳಬೇಕಿತ್ತು. ಅಂಗಳವಿದ್ದು ನಾನು ನೆಲಗುಂಡಿ ತೋಡಿಸಿದ್ದರೆ, ಅದು ಎದ್ದು ಬಂದು ಬಾಗಿಲು ಮುರಿಯುತ್ತಿರಲಿಲ್ಲ. ನೀನು ಅಂಗಡಿಯಲ್ಲಿ ಬೆಲೆ ಕೇಳು, ಕರೆಂಟು ಕೇಳು, ತಪ್ಪಿಲ್ಲ. ಆದರೆ ಇದು ಒಳಗೊಳಗೇ ಕೆಟ್ಟು ನಿಂತರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಒಮ್ಮೆ ಯೋಚಿಸು.

ನನ್ನದೊಂದು ಬೇಡಿಕೆ. ನಾಳೆಯೋ ನಾಡಿದ್ದೋ ಡ್ರಿಲ್ ಹಿಡಿದ ಹುಡುಗ ಬರುತ್ತಾನೆ. ತೂತನ್ನು ಅವನು ತೋರಿಸಿದಲ್ಲೇ ಕೊರೆಸು, ಒಂದು ಗೇಣೂ ಆಚೀಚೆ ಆಗದಿರಲಿ, ಅದು ನಮಗೆ ಬೇಕು. ಹೊರಪೆಟ್ಟಿಗೆ ಎಲ್ಲಿಡಲಿ ಅಕ್ಕಾ ಎಂದು ಕೇಳಿದಾಗ ಮಾತ್ರ ಮಾಳಿಗೆಯ ಮೇಲೆ ಎನ್ನು. ಕೊಳವೆಗೆ ಸ್ವಲ್ಪ ಹೆಚ್ಚು ಖರ್ಚಾದೀತು, ಆಗಲಿ. ಅದಕ್ಕೂ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟು. ಅಲ್ಲಿರುವವಳ ಹೆಸರು ನನಗೆ ಗೊತ್ತಿಲ್ಲ, ಜಗದೇವಿಗೂ ಗೊತ್ತಿಲ್ಲ. ಅವರ ಮನೆಯಲ್ಲಿ ಉಳಿದಿರುವುದು ನಿನ್ನ ಹೆಸರು ಮಾತ್ರ, ಅದೂ ಗಾಳಿಗೆ. ನೀನೇ ಹೋಗಿ ಅವಳ ಹೆಸರು ಕೇಳಿ ತಿಳಿದುಕೋ.

ಕೂಸಿಗೆ ಈಗ ಎರಡು ಹಲ್ಲು ಬಂದಿವೆ. ಅಂದಿನಿಂದ ಜಗದೇವಿ ಒಂದು ರೂಢಿ ಮಾಡಿದ್ದಾಳೆ. ದಿನಾ ಮಧ್ಯಾಹ್ನ ಕಪಾಟಿನಿಂದ ಒಂದು ರೊಟ್ಟಿ ತೆಗೆದು, ತನ್ನ ಕಿಟಕಿಯಿಂದ ಕೈ ಚಾಚಿ, ನೀನು ಕೊರೆಸಿದ ತೂತಿನ ಹತ್ತಿರ ಹಿಡಿದು ಮುರಿಯುತ್ತಾಳೆ. ಪಟ್ ಎಂದು ಸಪ್ಪಳವಾದರೆ ಅವಳ ರೊಟ್ಟಿ ಖಡಕ್, ನಮ್ಮ ಕೋಣೆ ತಂಪು. ನಾನು ಈಚೆಯಿಂದ ಗೋಡೆಗೆ ಒಮ್ಮೆ ತಟ್ಟುತ್ತೇನೆ.

ಇಗೋ, ಈಗಷ್ಟೇ ಪಟ್ ಎಂದಿತು. ನಾವೆಲ್ಲ ಚೆನ್ನಾಗಿದ್ದೇವೆ, ಭಾಗ್ಯಶ್ರೀ. ತಟ್ಟಬೇಕು, ಏಳುತ್ತೇನೆ.

ನಿನ್ನ ಮೊಮ್ಮಗಳ ಮೊಮ್ಮಗಳು,
ಸುಗಲಾಬಾಯಿ