ರಮೀಲಾಬೆನ್ ಬರೆಸಿದ ಮೂರು ಹೋಟೆಲು

ಫತೇಗಂಜ್, ವಡೋದರಾ
ಮಂಗಳವಾರ

ಪ್ರೀತಿಯ ಚಿಕ್ಕಮ್ಮ,

ಪಾತ್ರೆ ತೊಳೆಯುವವರಿಗೂ ಗಿರಾಕಿಗಳ ಊಟವನ್ನೇ ಬಡಿಸುವ ಹೋಟೆಲಿನಲ್ಲಿ ಮಾತ್ರ ಉಣ್ಣುತ್ತೇನೆ ಎಂದಾಗ ನೀವು ನಕ್ಕು, ಚೀಲದ ತುಂಬ ಅವಲಕ್ಕಿ ಕಟ್ಟಿದಿರಿ. ನಮ್ಮನ್ನು ಅಹಮದಾಬಾದ್ ದಾಟಿಸಿದ್ದು ಅದೇ. ಅಲ್ಲಿನ ಬೋಡಕ್‌ದೇವ್ ಬಡಾವಣೆಯಲ್ಲಿ ಮೂರು ಹೋಟೆಲು ವಿಚಾರಿಸಿದೆ, ಮೂರು ಕಡೆಯೂ ಮ್ಯಾನೇಜರು ಬಾಗಿಲು ತೋರಿಸಿದರು. ಇವತ್ತು ಬೆಳಿಗ್ಗೆ ನಿಮ್ಮ ಮಗ ಕಾರು ನಿಲ್ಲಿಸಿ, "ಅಕ್ಕಾ, ನಿನ್ನ ಸಿದ್ಧಾಂತಕ್ಕೆ ನನ್ನ ಹೊಟ್ಟೆ ಯಾಕೆ ಉಪವಾಸ ಇರ್ಬೇಕು?" ಎಂದು ಮುಷ್ಕರ ಹೂಡಿದ. ವಡೋದರಾದಲ್ಲೂ ಸಿಗದಿದ್ದರೆ ಪ್ರತಿಜ್ಞೆ ಬಿಡುತ್ತೇನೆಂದು ಒಪ್ಪಿಕೊಂಡೆ.

ಇಲ್ಲೊಂದು ಉಡುಪಿ ಹೋಟೆಲಿದೆ. ನಡೆಸುವವರು ಕುಂದಾಪುರದ ಕಡೆಯ ಶಕುಂತಲಕ್ಕ. ನನ್ನ ಪ್ರಶ್ನೆ ಕೇಳಿ, "ಎಂತ ವಿಚಾರಣೆ ಮಾರಾಯ್ತಿ? ಒಳಗೆ ಬಂದು ಕೂತ್ಕೊ" ಎಂದರು. ಅಡುಗೆಮನೆಯಲ್ಲಿ ಆರು ಜನ ಕೆಲಸದವರು ಸಾಲಾಗಿ ಕೂತು ಅದೇ ಅನ್ನ, ಅದೇ ಸಾರು, ಅದೇ ಪಾಯಸ ಉಣ್ಣುತ್ತಿದ್ದರು! ಪಾತ್ರೆ ತೊಳೆಯುವ ರಮೀಲಾಬೆನ್ ಸರಿದು ಜಾಗ ಕೊಟ್ಟರು. ಹೋಟೆಲು ಕೆಲಸದವರ ಊಟದ ಬಗ್ಗೆ ನಾನು ಅಚ್ಚು ಹಾಕಿಸಿದ್ದ ಕರಪತ್ರ ತೆಗೆದರೆ, "ಪೆಹಲೇ ಖಾನಾ, ಬೇಟಾ", ಮೊದಲು ಊಟ ಎಂದು, ಅದನ್ನು ಬಿಸಿ ಸಾರಿನ ಪಾತ್ರೆಯ ಕೆಳಗೆ ಹಾಸಿ, ಬಡಿಸಿದರು. ಇಷ್ಟು ನೆಮ್ಮದಿಯಿಂದ ನಾನು ಯಾವ ಹೋಟೆಲಿನಲ್ಲೂ ಉಂಡಿಲ್ಲ.

ಅವರು ಸೂರತ್‌ನಲ್ಲೂ ವರ್ಷಗಟ್ಟಲೆ ಪಾತ್ರೆ ತೊಳೆದವರು. ಮುಂದಿನ ದಾರಿಯಲ್ಲಿ ಇಂಥ ಹೋಟೆಲು ಯಾವುವೆಂದು ಕೇಳಿದ್ದೇ ತಡ, ಮೂರು ಹೆಸರು ಬರೆಸಿದರು. ನಾನು ಇಷ್ಟು ದಿನ ಗಲ್ಲಾದಲ್ಲಿ ಕೂತವರನ್ನೇ ಕೇಳುತ್ತಿದ್ದೆ!

ಇಬ್ಬರೂ ಆರೋಗ್ಯ. ನಿಮ್ಮ ಮಗ ಮೂರು ಸಲ ಅನ್ನ ಹಾಕಿಸಿಕೊಂಡು ಈಗ ಹಾರ್ನ್ ಹೊಡೆಯುತ್ತಿದ್ದಾನೆ. ಉಳಿದ ಅವಲಕ್ಕಿಯನ್ನು ರಮೀಲಾಬೆನ್‌ಗೆ ಕೊಟ್ಟೆ. ಇನ್ನು ಸೂರತ್‌ವರೆಗೆ ಅದು ಬೇಕಾಗದು.

ನಿಮ್ಮ ವಿಂಧ್ಯಾ